ಹಿರಿಯರ ಜಾಗದಲ್ಲಿ ಕುಳಿತ ಹಿತ್ತಾಳೆ

ನಮ್ಮ ಬೈಲಹೊಂಗಲದ ಮನೆಯ ಪಡಸಾಲೆಯಲ್ಲಿ ಒಂದು ದೊಡ್ಡ ಗೂಡಿದೆ. ಮೊದಲು ಅಲ್ಲಿ ನಾನು ಉಪ್ಪಿನಕಾಯಿಯ ಭರಣಿಗಳನ್ನು ಇಡುತ್ತಿದ್ದೆ. ಈಗ ಅಲ್ಲಿ ಖೋಕಾಗಳು ನಿಂತಿವೆ. ಗುಂಡು ಹಾರಿಹೋದ ಮೇಲೆ ಬಂದೂಕಿನಿಂದಲೋ ತೋಪಿನಿಂದಲೋ ಹೊರಗೆ ಬೀಳುವ ಖಾಲಿ ಹಿತ್ತಾಳೆ ಕೊಳವೆಗೆ ಮಿಲಿಟರಿಯಲ್ಲಿದ್ದು ಬಂದವರು ಖೋಕಾ ಎನ್ನುತ್ತಾರೆ. ಕೆಲವು ಕಿರುಬೆರಳಿನಷ್ಟು, ಕೆಲವು ಮೊಣಕಾಲೆತ್ತರ. ನಿವೃತ್ತಿಯಾದ ಮೇಲೆ ಓಣಿಯ ಗಂಡಸರು ಗುಡಿಕಟ್ಟೆಯ ಮೇಲೆ ಇಸ್ಪೀಟು ಹಿಡಿದರು, ನನ್ನ ಯಜಮಾನರು ಖೋಕಾ ಹಿಡಿದರು. ಇಸ್ಪೀಟಿಗಿಂತ ಇದು ಮೇಲು ಎಂದು ನಾನು ಶಿವನಿಗೆ ಕೈಮುಗಿದೆ.

ಮೊದಲನೆಯದನ್ನು ಅವರು ಪೇಟೆಯ ಮೋಡಕಾ ಅಂಗಡಿಯಿಂದ ತಂದರು. ಮುರುಕು ಸೈಕಲ್ಲು, ತೂತುಬಿದ್ದ ಹಂಡೆಗಳ ನಡುವೆ ಬಿದ್ದಿತ್ತಂತೆ. ಕಪ್ಪು ಹಿಡಿದು ಮಸಿಯಂತಿತ್ತು. ಅವರು ಸ್ನಾನಕ್ಕೆ ಹೋದ ಹೊತ್ತಿನಲ್ಲಿ ನಾನು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವ ಹಾಗೆ ತಿಕ್ಕಿ ಇಟ್ಟೆ. ಹೊರಗೆ ಬಂದವರು ಟಾವೆಲ್ ಸುತ್ತಿಕೊಂಡೇ ತಲೆಯ ಮೇಲೆ ಕೈಹೊತ್ತು ಕುಳಿತರು.

“ಅಯ್ಯ, ಇದನ್ಯಾಕ ತಿಕ್ಕಿದಿ? ಇದರ ಜೀವಾನ ಹೋತಲ್ಲ!”

“ಜೀವ ತಗ್ಯಾಕ ಮಾಡಿದ್ದಲ್ಲೇನ್ರಿ ಅದು? ಅದಕ್ಕೆಲ್ಲಿ ಜೀವಾ?”

“ಆ ಕಪ್ಪು ಐತೆಲ್ಲ, ಅದು ಅದರ ವಯಸ್ಸು. ಕೂಡಿಸಿಡೋ ಮಂದಿ ಅದನ್ನ ಮುಟ್ಟೂದಿಲ್ಲ.”

“ಹಿತ್ತಾಳಿ ಕಪ್ಪಗಿದ್ರ ಮನಿ ಹೆಂಗಸಿನ ಮಾನ ಹೋಗತೈತ್ರಿ. ತೋಪ ಹಾರಿಸಿದಾಂವಂದು ಹೋಗೂದಿಲ್ಲ.”

ಕೊನೆಗೆ ಒಂದು ರಾಜಿಯಾಯಿತು. ಧೂಳು ಒರೆಸುವುದು ನನ್ನ ಹಕ್ಕು, ಹುಣಸೆಹಣ್ಣು ಮಾತ್ರ ಬೇಡ. ತಳವನ್ನಂತೂ ಬಟ್ಟೆಯಿಂದಲೂ ಗಟ್ಟಿಯಾಗಿ ಉಜ್ಜಬಾರದು, ಯಾಕೆಂದರೆ ಖೋಕಾದ ಜಾತಕವೆಲ್ಲ ಅದರ ತಳದಲ್ಲಿರುತ್ತದೆ. ಯಾವ ತೋಪಿನದು, ಯಾವ ಕಾರ್ಖಾನೆಯದು, ಯಾವ ಇಸವಿಯಲ್ಲಿ ತಯಾರಾಯಿತು ಎಂಬುದನ್ನು ಅಚ್ಚು ಒತ್ತಿ ದುಂಡಗೆ ಬರೆದಿರುತ್ತಾರೆ. ನಟ್ಟನಡುವೆ ಒಂದು ಬಿಲ್ಲೆ. ಅದರಲ್ಲಿ ಚುಚ್ಚಿದಂಥ ತಗ್ಗು ಇದ್ದರೆ ಗುಂಡು ಹಾರಿದೆ, ಹೆದರಿಕೆ ಇಲ್ಲ. ಬಿಲ್ಲೆ ನುಣ್ಣಗಿದ್ದು ಮೇಲೆ ಗುಂಡಿನ ಮೂತಿಯೂ ಇದ್ದರೆ ಕೈ ಹಚ್ಚದೆ ಪೊಲೀಸರಿಗೆ ಹೇಳಬೇಕು. ಕನ್ನಡಕ ಹಾಕಿಸಿ, ಅಚ್ಚಿನ ಮೇಲೆ ಬೆರಳು ಆಡಿಸಿ, ಅವರು ನನಗೆ ಇದನ್ನೆಲ್ಲ ಕಲಿಸಿದರು. ನಾನು ಓದಿದ್ದು ಹೆಚ್ಚಿಲ್ಲ, ಆದರೆ ಇಂಗ್ಲಿಷ್ ಅಂಕಿ ಬರುತ್ತದೆ. ಇಸವಿ ಓದುವುದು ನನಗೆ ಬೇಗ ರೂಢಿಯಾಯಿತು.

ಒಮ್ಮೆ ಕಣ್ಣು ಪಳಗಿದರೆ ಅವು ಎಲ್ಲೆಂದರಲ್ಲಿ ಕಾಣತೊಡಗುತ್ತವೆ. ಕಿತ್ತೂರಿನಲ್ಲಿ ಪಿಂಚಣಿಯ ಮುದುಕರೊಬ್ಬರ ಮನೆಯಲ್ಲಿ ಕೊಡೆ, ಬಡಿಗೆಗಳನ್ನು ನಿಲ್ಲಿಸಿಟ್ಟದ್ದು ತೋಪಿನ ಖೋಕಾದಲ್ಲಿ. ಎಲ್ಲವ್ವನ ಗುಡ್ಡಕ್ಕೆ ಹೋದಾಗ ಉಗರಗೋಳದ ಅಂಗಡಿಯೊಂದರಲ್ಲಿ ಊದಿನಕಡ್ಡಿ ನಿಲ್ಲಿಸಿದ್ದು ಖೋಕಾದಲ್ಲಿ. ಅಂಗಡಿಯವಳಿಗೆ ಅದು ಏನೆಂದು ಗೊತ್ತೇ ಇರಲಿಲ್ಲ. ಯಜಮಾನರು ಹೇಳಿದಾಗ ಭಂಡಾರದ ಅರಿಶಿನಪುಡಿ ಕಟ್ಟುತ್ತಿದ್ದ ಅವಳ ಕೈ ಹಿಂದೆ ಸರಿಯಿತು. ಇವುಗಳ ಒಳಗಿಂದ ಹೊರಟದ್ದು ಎಲ್ಲಿಗೋ ಹೋಗಿ ಯಾರಿಗೋ ತಾಗಿರುತ್ತದೆ. ಯಾರಿಗೆ ಎಂಬುದು ಮಾತ್ರ ತಳದಲ್ಲಿ ಬರೆದಿರುವುದಿಲ್ಲ. ಅದಕ್ಕೇ ನಾನು ಸೋಮವಾರ ದೇವರ ಜಗುಲಿಗೆ ದೀಪ ಹಚ್ಚಿದ ಮೇಲೆ ಊದಿನಕಡ್ಡಿಯನ್ನು ಗೂಡಿನ ಕಡೆಗೂ ಒಮ್ಮೆ ಆಡಿಸುತ್ತೇನೆ. ಯಜಮಾನರು ನಗುತ್ತಾರೆ. ನಗಲಿ.

ನಮ್ಮ ಬಳಗದಲ್ಲಿಯೇ ಒಂದು ಖೋಕಾ ಇತ್ತು. ಅದರ ತಳವನ್ನು ಯಾರೂ ನೋಡಿರಲಿಲ್ಲ.

ಅದು ಇದ್ದದ್ದು ತೊರಗಲ್ಲಿನಲ್ಲಿ, ಯಜಮಾನರ ಸೋದರತ್ತೆಯ ಮನೆಯಲ್ಲಿ. ಸೋದರತ್ತೆಗೆ ಈಗ ಎಂಬತ್ತರ ಹತ್ತಿರ. ಮಕ್ಕಳಾಗಲಿಲ್ಲ. ಮೈದುನನ ಮಗ ಮತ್ತು ಅವನ ಹೆಂಡತಿ ಅದೇ ಮನೆಯಲ್ಲಿದ್ದು ಚೆನ್ನಾಗಿ ನೋಡಿಕೊಳ್ಳುತ್ತಾರೆ, ಅದೂ ಒಂದು ಪುಣ್ಯ. ಸೋದರತ್ತೆಯ ಗಂಡ ತೋಪಿನ ಪಲ್ಟನ್ನಿನಲ್ಲಿದ್ದವರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಡಿಯಲ್ಲಿ ಯುದ್ಧ ಹತ್ತಿ, ಅವರು ತೀರಿಕೊಂಡ ಸುದ್ದಿ ಬಂತು. ದೇಹ ಬರಲಿಲ್ಲ. ಕೆಲವು ವರ್ಷ ಕಳೆದ ಮೇಲೆ, ಸಿರಸಂಗಿ ಕಡೆಯ ಹಳ್ಳಿಯವರೇ ಆದ ಜೊತೆಗಾರರೊಬ್ಬರು ಪಿಂಚಣಿ ಪಡೆದು ಊರಿಗೆ ಬಂದವರು, ಈ ಮನೆಯ ಬಾಗಿಲಿಗೆ ಬಂದು ಒಂದು ಖೋಕಾ ಕೊಟ್ಟರು. ಅವರನ್ನು ಎಲ್ಲರೂ ಸುಬೇದಾರರು ಎನ್ನುತ್ತಾರೆ. “ನಿಮ್ಮಾಂವ ಕಡೀಕ ಹಾರಿಸಿದ ಗುಂಡಿಂದು ಇದು. ಅಂವನ ಕೈ ಮುಟ್ಟಿದ್ದು” ಎಂದಿದ್ದರಂತೆ.

ಅಂದಿನಿಂದ ಆ ಮನೆಯಲ್ಲಿ ಮಾನೌಮಿ ಅಮಾವಾಸ್ಯೆಗೆ ಹಿರಿಯರ ಜಾಗದಲ್ಲಿ ಕೂರುವುದು ಆ ಖೋಕಾ. ನಮ್ಮಲ್ಲಿ ಆ ದಿನ ಸತ್ತ ಹಿರಿಯರನ್ನು ಕರೆದು ಉಣ್ಣಿಸುತ್ತೇವೆ. ಮಣೆಯ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು, ಗಂಡಸಾದರೆ ಧೋತರ ಉಡಿಸಿ ರುಮಾಲು ಸುತ್ತುತ್ತೇವೆ, ಹೆಂಗಸಾದರೆ ಸೀರೆ, ಕುಪ್ಪಸದ ಖಣ. ವಿಭೂತಿ ಹಚ್ಚಿ, ಅವರಿಗೆ ಸೇರುತ್ತಿದ್ದ ಅಡಿಗೆಯನ್ನೆಲ್ಲ ಬಡಿಸಿ ಎಡೆ ಹಿಡಿಯುತ್ತೇವೆ. ಸೋದರತ್ತೆ ಎಡೆಯ ಪಕ್ಕಕ್ಕೆ ಒಂದು ಕಟ್ಟು ಬೀಡಿಯನ್ನೂ ಇಡುತ್ತಾರೆ. ಮದುವೆಯಾದ ಹೊಸದರಲ್ಲಿ ಆ ಮನೆಗೆ ಮೊದಲ ಸಲ ಹೋದಾಗ ನಾನು ನಡುಮನೆಯ ಹೊಸ್ತಿಲಲ್ಲಿ ಗಕ್ಕನೆ ನಿಂತುಬಿಟ್ಟಿದ್ದೆ. ಕತ್ತಲ ಮೂಲೆಯಲ್ಲಿ ಯಾರೋ ಗಂಡಸು ಬೆನ್ನು ಮಾಡಿ ಕುಳಿತ ಹಾಗೆ ಕಂಡಿತ್ತು. ಎತ್ತರದ ಖೋಕಾಕ್ಕೆ ಬಟ್ಟೆ ಉಡಿಸಿದರೆ ಅದಕ್ಕೆ ಹೆಗಲು ಬಂದುಬಿಡುತ್ತದೆ. ತಂಬಿಗೆಗೆ ಹಾಗೆ ಬರುವುದಿಲ್ಲ.

ಹಿರಿಯರ ತಂಬಿಗೆಯನ್ನು ಬೋರಲು ಹಾಕಬಾರದು, ಮನೆತನವೇ ಬೋರಲು ಬೀಳುತ್ತದೆ ಎನ್ನುತ್ತಾರೆ. ಹಾಗಾಗಿ ಸೋದರತ್ತೆ ಅದನ್ನು ನಿಲ್ಲಿಸಿಯೇ ತೊಳೆಯುವರು, ನಿಲ್ಲಿಸಿಯೇ ಒರೆಸುವರು. ಖೋಕಾದ ಹುಚ್ಚು ಹತ್ತಿದಾಗಿನಿಂದ ಯಜಮಾನರ ಕಣ್ಣೆಲ್ಲ ಅದರ ತಳದ ಮೇಲೆ.

“ಅತ್ತಿ, ಒಂದ ಸಲ ಎತ್ತಿ ತಳಾ ನೋಡತೇನಿ, ಅಷ್ಟ.”

“ನಿಮ್ಮ ಮಾಮಾನ್ನ ತಲಿಕೆಳಗ ಮಾಡಿ ನೋಡಾಂವೇನೋ ತಮ್ಮಾ? ಅಂವ ಇದ್ದಾಗ ಮುಂದ ನಿಂತ ಕೆಮ್ಮಾಕೂ ಮಂದಿ ಅಂಜತಿದ್ರು.”

ಈ ಸಲ ಅಮಾವಾಸ್ಯೆಗೆ ನಾವು ಹೋದಾಗ ಆ ಮನೆಯ ಸೊಸೆ ತುಂಬಿದ ಬಸುರಿ. ಬಸುರಿಯರು ಹಿರಿಯರ ಸಾಮಾನು ಮುಟ್ಟುವುದಿಲ್ಲ. ಸೋದರತ್ತೆಯ ಕೈ ಈಗ ನಡುಗುತ್ತದೆ. “ಯವ್ವಾ, ಈ ವರ್ಷ ನೀನ ತೊಳದ ಕೊಡು” ಎಂದು ಖೋಕಾವನ್ನು ನನ್ನ ಕೈಗೆ ಇಟ್ಟರು. ಹಿತ್ತಲಲ್ಲಿ ಬಿಸಿಲಿತ್ತು, ಕೋಟೆಯ ಗೋಡೆಯ ಮೇಲೆ ಗಿಳಿಗಳು ಕೂಗುತ್ತಿದ್ದವು. ಒಳಗೆ ಕಡುಬು ತುಂಬುತ್ತ ಸೋದರತ್ತೆ ಪ್ರತಿ ವರ್ಷ ಹೇಳುವುದನ್ನೇ ಹೇಳುತ್ತಿದ್ದರು. ಯಜಮಾನರನ್ನು ತೊಟ್ಟಿಲಿಗೆ ಹಾಕಿದ ದಿನವೇ ಅವರ ಗಂಡ ರಜೆ ಮುಗಿಸಿ ಹೊರಟದ್ದು. ಕೂಸು ಇನ್ನೂ ಕೂರಲು ಕಲಿತಿರಲಿಲ್ಲ, ಅಷ್ಟರಲ್ಲಿ ಸುದ್ದಿ ಬಂತು. “ಈ ನಮ್ಮ ತಮ್ಮನ ವಯಸ್ಸು ಎಷ್ಟೋ ನನ್ನ ರಂಡಿತನದ ವಯಸ್ಸೂ ಅಷ್ಟ” ಎಂದು ಅವರು ನಗುತ್ತಲೇ ಹೇಳುತ್ತಾರೆ. ಕೇಳುವವರಿಗೆ ನಗು ಬರುವುದಿಲ್ಲ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಲ್ಲಿಸಿ ನಾನು ಹೊರಮೈ ತೊಳೆದೆ. ಇಲ್ಲಿ ಹುಣಸೆಹಣ್ಣಿಗೆ ಅಡ್ಡಿ ಹೇಳುವವರಿರಲಿಲ್ಲ. ಹಿತ್ತಾಳೆ ಬಂಗಾರದಂತಾಯಿತು. ಮನೆಯಲ್ಲಿ ಇಷ್ಟು ವರ್ಷ ಕೊಡ, ತಂಬಿಗೆ, ದೀಪದ ಸಮೆ ತಿಕ್ಕಿದ ಕೈ ನನ್ನದು. ಮೈ ತೊಳೆದಾದ ಮೇಲೆ ಆ ಕೈ ತನ್ನ ರೂಢಿಯಂತೆ ಖೋಕಾವನ್ನು ಹೊರಳಿಸಿ ಬೋರಲು ಹಾಕಿ, ತಳಕ್ಕೆ ಬೂದಿ ಹಚ್ಚಿತು. ಹಚ್ಚಿ ಎರಡು ಸಲ ತಿಕ್ಕಿದ ಮೇಲೆಯೇ ನನಗೆ ಎಚ್ಚರವಾದದ್ದು. “ಶಿವನೇ” ಎಂದು ಎತ್ತಲು ಹೋದೆ. ಅಷ್ಟರಲ್ಲಿ ಹಸಿರು ಕಿಲುಬಿನ ಅಡಿಯಿಂದ ಅಕ್ಷರಗಳು ಮೇಲೆದ್ದು ಬಂದವು. ಬಿಲ್ಲೆಯ ನಡುವೆ ತಗ್ಗು. ಸುತ್ತಲೂ ಅಕ್ಷರ, ಬಾಣದ ಗುರುತು, ಆಮೇಲೆ ಇಸವಿ.

ನಾನು ನೀರು ಹಾಕಿ ಮತ್ತೆ ಓದಿದೆ. ಸೆರಗಿನಿಂದ ಒರೆಸಿ ಮತ್ತೆ ಓದಿದೆ. ನನ್ನ ಯಜಮಾನರು ಹುಟ್ಟಿದ ಇಸವಿ ನನಗೆ ಗೊತ್ತಿಲ್ಲದ್ದೇ? ಅದಕ್ಕಿಂತ ಎರಡು ವರ್ಷ ಮುಂದಿನದು ಅಲ್ಲಿತ್ತು.

ಸೋದರತ್ತೆಯ ಗಂಡ ತೀರಿಕೊಂಡಾಗ ಈ ಹಿತ್ತಾಳೆ ಇನ್ನೂ ಈ ರೂಪ ಪಡೆದಿರಲೇ ಇಲ್ಲ. ಹಾಗಾದರೆ ಇದನ್ನು ಹಾರಿಸಿದ ಕೈ ಯಾರದು?

ಯಜಮಾನರನ್ನು ಸನ್ನೆ ಮಾಡಿ ಕರೆದೆ. ತಳ ಕಂಡ ಕೂಡಲೆ ಅವರ ಮುಖ ಜಾತ್ರೆಗೆ ಹೊರಟ ಹುಡುಗನಂತೆ ಅರಳಿತು. “ಎಷ್ಟ ಚೊಲೊ ಮೂಡೇತಿ ನೋಡ!” ಎಂದು ಕುಕ್ಕರಗಾಲಲ್ಲಿ ಕುಳಿತರು. ನಾನು ಇಸವಿಯ ಮೇಲೆ ಬೆರಳಿಟ್ಟೆ. ಅವರು ಓದಿದರು. ಹಿತ್ತಲ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿದರು.

“ನೀ ಯಾರ ಮುಂದೂ ಹೇಳಬ್ಯಾಡ” ಎಂದರು ಕೊನೆಗೆ.

“ಹೇಳೂದಿಲ್ರಿ. ಆದ್ರ ಕೇಳಿದ್ರ ಸುಳ್ಳ ಹ್ಯಾಂಗ ಹೇಳೂದ್ರಿ, ಹಿರೇರ ದಿನಾ?”

ಖೋಕಾವನ್ನು ನೆಟ್ಟಗೆ ನಿಲ್ಲಿಸಿದೆ. ಆದರೆ ಕಲ್ಲಿನ ಮೇಲೆ ಅದರ ಬಾಯಿಯ ದುಂಡು ಗುರುತು ಒದ್ದೆಯಾಗಿ ಉಳಿದಿತ್ತು. ಹಿತ್ತಲ ಬಾಗಿಲಿಗೆ ಬಂದ ಸೋದರತ್ತೆಯ ಕಣ್ಣು ನೇರ ಅಲ್ಲಿಗೇ ಹೋಯಿತು.

“ಬೋರಲ ಹಾಕಿದ್ಯಾ ಯವ್ವಾ?”

“ತಪ್ಪಾತ್ರೀ ಅತ್ಯಾರ. ಕೈ ರೂಢಿ.”

“ಹಾಕಿದ್ದು ಹಾಕಿದಿ. ಓದಿರತೀರಿ. ಯಾಕ ಇಬ್ಬರೂ ಗ್ವಾಡಿಗಿ ಹಚ್ಚಿದ ಗೊಂಬಿ ಹಂಗ ನಿಂತೀರಿ? ಏನ ಬರದಾರ ಅದರಾಗ?”

“ಏನಿಲ್ಲ ಅತ್ತಿ, ಇಂಗ್ಲಿಷದಾಗ ನಂಬರ ಅದಾವ” ಎಂದರು ಯಜಮಾನರು.

ಸೋದರತ್ತೆ ನನ್ನ ಕಡೆ ತಿರುಗಿದರು. “ನೀ ಹೇಳ. ಇಂವ ಸಣ್ಣಾಂವ ಇದ್ದಾಗಿಂದ ಸುಳ್ಳ ಹೇಳೂ ಮುಂದ ಕಿವಿ ತಿಕ್ಕೋತಾನ.”

ಯಜಮಾನರ ಕೈ ಕಿವಿಯ ಮೇಲಿತ್ತು. ನಾನು ಹೇಳಿದೆ. ಸುತ್ತು ಬಳಸದೆ, ಇಸವಿ ಇದು, ಇದು ಇವರು ಹುಟ್ಟಿ ಎರಡು ವರ್ಷದ ಮೇಲೆ ಆದ ಹಿತ್ತಾಳೆ ಎಂದೆ.

ಸೋದರತ್ತೆ ಕಟ್ಟೆಯ ಮೇಲೆ ನಿಧಾನ ಕುಳಿತರು. ಅಳಲಿಲ್ಲ. ಹಿಟ್ಟು ಮೆತ್ತಿದ ಕೈ ಮಡಿಲಲ್ಲಿಟ್ಟುಕೊಂಡು ಯೋಚಿಸಿದರು. ಆಮೇಲೆ ಕೇಳಿದ್ದು ನನಗೆ ಹೊಳೆದೇ ಇರದ ಮಾತು.

“ಸುಬೇದಾರ, ಅಂವನ ಕೈಲೆ ಹಾರಿದ್ದು ಇದು ಅಂದಿದ್ದ. ಆ ಮಾತ ಖರೇ ಇದ್ರ ಅಂವ ಆಗ ಇದ್ದ. ಸುದ್ದಿ ಬಂದ ಮ್ಯಾಲೂ ಎಲ್ಲೋ ಇದ್ದ.”

“ಹಂಗಲ್ಲ ಅತ್ತಿ…”

“ಸುಮ್ನಿರೋ. ಜೀವಂತ ಇದ್ದಾಂವಗ ನಾ ಸತ್ತವರ ಎಡಿ ಹಿಡದೇನೇನು?”

ಇದಕ್ಕಿಂತ ಘೋರವಾದದ್ದು ನಮ್ಮ ಕಡೆ ಇಲ್ಲ. ಬದುಕಿದವರ ಹೆಸರಿನಲ್ಲಿ ಎಡೆ ಹಿಡಿದರೆ ಅವರ ಆಯುಷ್ಯವನ್ನು ನಾವೇ ಕೈಯಾರೆ ಕಿತ್ತು ಬಡಿಸಿದ ಹಾಗೆ. ಸೋದರತ್ತೆ ತಮ್ಮ ಮುಂಗೈ ನೋಡಿಕೊಂಡರು. ಹದಿನೇಳರಲ್ಲಿ ಬಳೆ ಒಡೆದ ಮುಂಗೈ. ಎಲ್ಲಿಯೋ ಒಬ್ಬ ಗಂಡಸು ಉಸಿರಾಡುತ್ತಿರುವಾಗ ಇಲ್ಲಿ ಇವರು ಅವನ ಹೆಸರು ಹಿಡಿದು, “ಬಾ, ಉಣ್ಣು” ಎಂದು ಕರೆದದ್ದು ಅವನಿಗೆ ಕೇಳಿಸಿತ್ತೇ? ನನಗೇ ಅಂಥ ಯೋಚನೆ ಬಂತು. ಅವರಿಗೆ ಏನೇನು ಬಂದಿತ್ತೋ.

ಒಳಗೆ ಅಡಿಗೆಯೆಲ್ಲ ಸಿದ್ಧವಿತ್ತು. ಹೋಳಿಗೆ, ಕಡುಬು, ಕಟ್ಟಿನ ಸಾರು, ಬದನೆಕಾಯಿ ಪಲ್ಯ. ಎಡೆ ಹಿಡಿಯದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಸೋದರತ್ತೆ ಎಡೆ ಹಿಡಿಯಲು ಒಲ್ಲರು. “ಅಂವ ಸತ್ತದ್ದು ಖಾತ್ರಿ ಆಗೂಮಟ ಈ ಕೈಲೆ ಎಡಿ ಎತ್ತೂದಿಲ್ಲ” ಎಂದುಬಿಟ್ಟರು. ಸೊಸೆಯನ್ನು ಮಾತ್ರ ಕರೆದು, “ಹೊಟ್ಟ್ಯಾಗಿನ ಕೂಸಿಗಿ ಅಮಾಸಿ ಇಲ್ಲ, ನೀ ಉಣ್ಣು ಹೋಗ” ಎಂದರು. ಅಂಥ ಹೊತ್ತಿನಲ್ಲೂ ಅವರಿಗೆ ಅದು ನೆನಪಿತ್ತು.

ಖಾತ್ರಿ ಮಾಡಬಲ್ಲವರು ಸುಬೇದಾರರೊಬ್ಬರೇ. ಅವರಿಗೆ ಲಕ್ವಾ ಹೊಡೆದು ಮಾತು ಹೋಗಿದೆ ಎಂದು ಮೈದುನನ ಮಗ ಹೇಳಿದ. “ಕಣ್ಣ ಅದಾವಲ್ಲ” ಎಂದರು ಸೋದರತ್ತೆ.

ಯಜಮಾನರು ಕಾರು ತೆಗೆದರು. ಸೋದರತ್ತೆ ನನ್ನ ಪಕ್ಕಕ್ಕೆ ಹಿಂದಿನ ಸೀಟಿನಲ್ಲಿ ಕುಳಿತರು. ಖೋಕಾವನ್ನು ಹೊಸ ಧೋತರದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು, ತೊಳೆದು ಮುಗಿಸಿದ ಹಿರಿಯರನ್ನು ನಡುವೆ ಬಿಟ್ಟು ಹೋಗುವಂತಿಲ್ಲ ಎಂದು. ಅದರ ಬಾಯಿ ಮಾತ್ರ ತೆರೆದಿತ್ತು. ಎರಡೂ ಕಡೆ ಗೋವಿನಜೋಳ ಆಳೆತ್ತರ ನಿಂತಿತ್ತು, ರಸ್ತೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ, ಅಮಾವಾಸ್ಯೆಯ ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಸತ್ತವರ ಜೊತೆಗಿದ್ದರು. ಕಾರು ಊರು ದಾಟಿ ವೇಗ ಹಿಡಿದಾಗ ಎಲ್ಲಿಂದಲೋ ಒಂದು ದನಿ ಬಂತು. ಗಂಟಲೊಳಗೇ ಹಾಡಿದ ಹಾಗೆ, ಬಾಯಿ ಮುಚ್ಚಿಕೊಂಡು ಗಂಡಸು ಗುನುಗಿದ ಹಾಗೆ. ಯಜಮಾನರು ಕನ್ನಡಿಯಲ್ಲಿ ಹಿಂದೆ ನೋಡಿದರು. ನಾನು ಸೋದರತ್ತೆಯ ಮುಖ ನೋಡಿದೆ. ಅವರ ತುಟಿ ಅಲುಗುತ್ತಿರಲಿಲ್ಲ.

ದನಿ ಮಡಿಲಿನಿಂದ ಬರುತ್ತಿತ್ತು. ಕಿಟಕಿಯ ಗಾಳಿ ಖೋಕಾದ ಬಾಯಿಯ ಮೇಲೆ ಹಾಯುತ್ತಿತ್ತು. ಅಷ್ಟೇ ಎಂದು ನನಗೆ ಗೊತ್ತಾಯಿತು. ಆದರೂ ನಾನು ಕಿಟಕಿ ಏರಿಸಿದೆ. ದನಿ ನಿಂತಿತು.

“ತಗೀ ಅದನ್ನ” ಎಂದರು ಸೋದರತ್ತೆ.

“ಗಾಳಿ ಅತ್ಯಾರ, ಬ್ಯಾರೆ ಏನಲ್ಲ.”

“ಗಾಳೀನ ಇರಲಿ. ಯಾಂವ ಅದಾನ ಕೇಳತೇನಿ.”

ಕಿಟಕಿ ಇಳಿಸಿದೆ. ದಾರಿಯುದ್ದಕ್ಕೂ ಅದು ಗುನುಗಿತು. ಅವರು ತಲೆ ಬಾಗಿಸಿ, ಕಿವಿಯನ್ನು ಅದರ ಹತ್ತಿರ ತಂದು ಕೇಳುತ್ತ ಕುಳಿತರು. ನಾನು ಪಂಚಾಕ್ಷರಿ ಜಪಿಸುತ್ತ ಹೊರಗೆ ನೋಡಿದೆ.

ಸುಬೇದಾರರ ಮನೆಯ ಕಟ್ಟೆಯ ಮೇಲೆ ಅವರ ಹೆಂಡತಿ ನಿಂತಿದ್ದರು. ಬಗ್ಗಿದ ಮುದುಕಿ, ಹಣೆತುಂಬ ವಿಭೂತಿ, ಅದರ ಕೆಳಗೆ ಕುಂಕುಮ. ಸೋದರತ್ತೆ ಇವರ ಮನೆಗೆ ಹಿಂದೆಂದೂ ಬಂದವರಲ್ಲ. ಮುದುಕಿ ನಮ್ಮ ಮುಖ ನೋಡಲಿಲ್ಲ, ಧೋತರದಿಂದ ಇಣುಕುತ್ತಿದ್ದ ಹಿತ್ತಾಳೆಯನ್ನು ನೋಡಿದರು. ಆಶ್ಚರ್ಯಪಡಲಿಲ್ಲ.

“ಬರ್ರಿ ಒಳಗ. ಯಾವ ಊರಿಂದ್ರೀ ಇದು? ಆಕಿ ಯಾವಾಗ ತೀರಕೊಂಡ್ಲು?”

ನಮಗೆ ಯಾರಿಗೂ ತಿಳಿಯಲಿಲ್ಲ. ಸೋದರತ್ತೆಗೆ ಮೊದಲು ತಿಳಿಯಿತು.

“ನಾನವಾ ಆಕಿ” ಎಂದರು. “ಇನ್ನೂ ಸತ್ತಿಲ್ಲ.”

ಮುದುಕಿ ಬಾಯಿ ಮುಚ್ಚಿಕೊಂಡರು. ಆಮೇಲೆ ಸೋದರತ್ತೆಯ ಕೈ ಹಿಡಿದು ನಮ್ಮನ್ನು ಒಳಕೋಣೆಗೆ ಕರೆದುಕೊಂಡು ಹೋದರು.

ಅಲ್ಲಿ ಗೋಡೆಗುಂಟ ಅವು ಸಾಲಾಗಿ ಕುಳಿತಿದ್ದವು. ಖೋಕಾಗಳು. ಒಂದೇ ಎತ್ತರ, ಒಂದೇ ಹೆಗಲು. ಎಲ್ಲಕ್ಕೂ ಬಿಳಿ ಬಟ್ಟೆ, ಎಲ್ಲದರ ತಲೆಗೂ ರುಮಾಲು, ಎಲ್ಲದರ ಮುಂದೆಯೂ ಒಂದೊಂದು ಎಲೆ. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ಹಣತೆಯ ಬೆಳಕಿನಲ್ಲಿ ಅವುಗಳ ನೆರಳು ಗೋಡೆಯ ಮೇಲೆ ಅಲುಗುತ್ತಿದ್ದವು, ಪಂಕ್ತಿಯಲ್ಲಿ ಕುಳಿತವರು ಎಲೆಯ ಕಡೆಗೆ ಬಗ್ಗಿದ ಹಾಗೆ. ಯಜಮಾನರು ಹೊಸ್ತಿಲ ಆಚೆಯೇ ನಿಂತರು. ಬೇರೆ ಎಲ್ಲಿಯಾದರೂ ಇಷ್ಟು ಖೋಕಾ ಒಟ್ಟಿಗೆ ಕಂಡಿದ್ದರೆ ಅವರು ನೆಲಕ್ಕೆ ಬಿದ್ದು ತಳ ಓದುತ್ತಿದ್ದರು.

ಮುದುಕಿ ಸಣ್ಣ ದನಿಯಲ್ಲಿ ಹೇಳಿದರು. ಸುಬೇದಾರರ ಜೊತೆಗೆ ಈ ಸುತ್ತಿನ ಹಳ್ಳಿಗಳಿಂದ ಹೋದ ಹುಡುಗರು ಕೆಲವರಿದ್ದರು. ತಿರುಗಿ ಬಂದವರು ಇವರೊಬ್ಬರೇ.

“ಆಗ ಯಾರ ಹೆಣಾನೂ ಊರಿಗಿ ಬರಲಿಲ್ರೀ. ಇವರು ಸೂಟಿ ಮ್ಯಾಲ ಬಂದಾಗ ಮನಿ ಮನಿಗಿ ಹೋದ್ರು. ಯಾರೂ ಮಾರಿ ನೋಡಲಿಲ್ಲ, ಎಲ್ಲಾರೂ ಕೈ ನೋಡಿದ್ರು, ಏನರ ತಂದಾನೇನು ಅಂತ. ಖಾಲಿ ಕೈ. ಮನಿಗಿ ಬಂದು ಆ ಕೈ ತಿಕ್ಕಿ ತಿಕ್ಕಿ ತೊಳಕೊಂಡ್ರು. ಮುಂದ ಪಿಂಚಣಿ ತಗೊಂಡು ಬರೂವಾಗ, ತೋಪ ಹಾರಸಾಕ ಕಲಸೂ ಮೈದಾನದಾಗ ಬಿದ್ದಿದ್ದವನ್ನ ಸಾಹೇಬರನ್ನ ಕೇಳಿ ತಂದ್ರು. ಮನಿಗೊಂದು ಕೊಟ್ರು. ಎಲ್ಲಾ ಮನ್ಯಾಗೂ ಅದ ಮಾತ ಹೇಳಿದ್ರು, ನಿಮ್ಮಾಂವ ಕಡೀಕ ಹಾರಿಸಿದ್ದು ಅಂತ.”

“ಇವು?” ಎಂದರು ಸೋದರತ್ತೆ ಸಾಲಿನ ಕಡೆ ಕೈ ತೋರಿಸಿ.

“ಉಣ್ಣಸವರು ತೀರಕೊಂಡ ಮ್ಯಾಲ ತಿರುಗಿ ಬಂದವ್ರೀ. ಮೋಡಕಾಕ್ಕ ಹಾಕಾಕ ಯಾರ ಮನಸ್ಸೂ ಒಪ್ಪಲಿಲ್ಲ. ನಮ್ಮ ಮನಿ ಕಟ್ಟಿ ಮ್ಯಾಲ ತಂದ ಇಟ್ಟ ಹೋಗತಾರ. ಬಂದವರನ್ನ ಉಪಾಸ ಹ್ಯಾಂಗ ಕೆಡವೂದು?”

ನಾನು ಲೆಕ್ಕ ಮಾಡಲಿಲ್ಲ, ಲೆಕ್ಕ ಮಾಡಬಾರದೆನಿಸಿತು. ಆದರೆ ಸಾಲಿನ ತುದಿಯಲ್ಲಿ ಒಂದು ಖಾಲಿ ಮಣೆ ಇದ್ದದ್ದನ್ನು ಕಂಡೆ. ಸೋದರತ್ತೆಯೂ ಕಂಡರು. ಅವರು ಮಡಿಲ ಖೋಕಾವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡರು.

ಸುಬೇದಾರರು ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಎಲುಬಿನ ಹಂದರ, ಒಂದು ಕಡೆಗೆ ವಾಲಿದ ಬಾಯಿ, ಕಣ್ಣು ಮಾತ್ರ ಹದ್ದಿನದು. ಅವು ಖೋಕಾವನ್ನು ನೋಡಿದವು, ಆಮೇಲೆ ಸೋದರತ್ತೆಯನ್ನು ನೋಡಿದವು, ಮತ್ತೆ ಅಲ್ಲಿಂದ ಕದಲಲಿಲ್ಲ. ಸೋದರತ್ತೆ ಮಂಚದ ಅಂಚಿಗೆ ಕುಳಿತರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ಅಣ್ಣಾ, ಇದು ನಮ್ಮವರದಲ್ಲ ಅನ್ನೂದು ಗೊತ್ತಾತು. ಅದಕ್ಕ ನನಗ ಸಿಟ್ಟಿಲ್ಲ. ನನಗ ಒಂದ ಮಾತ ಬೇಕು. ಅವರು ಸತ್ತ ಮಾರಿ ನೀ ನಿನ್ನ ಕಣ್ಣಲ್ಲೆ ನೋಡೀಯೋ ಇಲ್ಲೋ? ನೋಡಿದ್ರ ಕಣ್ಣ ಮುಚ್ಚು. ಮಂದಿ ಹೇಳಿದ್ದು ಕೇಳಿದ್ದಷ್ಟ ಇದ್ರ ಹಂಗ ಬಿಟ್ಟಿರು. ನನಗ ಸಮಾಧಾನ ಆಗಲೆಂತ ಮತ್ತೊಂದ ಸುಳ್ಳ ಹೇಳಬ್ಯಾಡ.”

ಮನೆಯೊಳಗೆ ಹಣತೆಯ ಬತ್ತಿ ಚಟಪಟ ಎನ್ನುವುದು ಕೇಳಿಸುತ್ತಿತ್ತು. ಸುಬೇದಾರರ ಕಣ್ಣು ತೆರೆದೇ ಇದ್ದವು. ತೆರೆದೇ ಇದ್ದವು. ಎಲ್ಲಿಯೋ ಒಬ್ಬ ಮುದುಕ ಇನ್ನೂ ಇರಬಹುದೇ, ಈ ಹೊತ್ತು ಬಿಸಿಲಿಗೆ ಕುಳಿತಿರಬಹುದೇ ಎಂದುಕೊಂಡೆ. ಆಗ ಅವರ ರೆಪ್ಪೆ ಇಳಿದವು. ಇಳಿದು ಮತ್ತೆ ಮೇಲೇಳಲಿಲ್ಲ. ಮುಚ್ಚಿದ ಕಣ್ಣಿನ ಕೊನೆಯಿಂದ ನೀರು ಹೊರಟು ಕಿವಿಯತ್ತ ಹರಿಯಿತು. ಸ್ವಾಧೀನವಿದ್ದ ಎಡಗೈ ಹಾಸಿಗೆಯಿಂದ ನಿಧಾನ ಎದ್ದು, ತಮ್ಮದೇ ಮುಖದ ಮೇಲೆ ಹಣೆಯಿಂದ ಗದ್ದದವರೆಗೆ ಒಮ್ಮೆ ಸವರಿತು. ಸತ್ತವರ ಕಣ್ಣು ಮುಚ್ಚಿಸುವಾಗ ನಾವು ಸವರುವ ಹಾಗೆ.

ಸೋದರತ್ತೆ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು. “ಅವರ ಕಣ್ಣ ನೀನ ಮುಚ್ಚಿದೆಲ್ಲ. ಅಷ್ಟ ಸಾಕು” ಎಂದರು. ಕಣ್ಣು ತೆರೆದು ಹೋಗಲಿಲ್ಲವಲ್ಲ, ಪರಿಚಯದವರ ಕೈ ಇತ್ತಲ್ಲ. ಇಷ್ಟು ವರ್ಷದ ಮೇಲೆ ಸಿಕ್ಕ ಒಂದು ತುತ್ತು ಸಮಾಧಾನ. ಶಿವ ಕೊಡುವುದು ಹೀಗೇ, ಚೂರು ಚೂರಾಗಿ.

ಹೊರಡುವಾಗ ಮುದುಕಿ ಮೆಲ್ಲಗೆ, “ಮುಂದ ಎಂದರ ಇದನ್ನ ಇಲ್ಲಿಗೇ ಕಳಸ್ರಿ” ಎಂದರು. ಸೋದರತ್ತೆ ಖೋಕಾಕ್ಕೆ ಧೋತರವನ್ನು ಮತ್ತೊಮ್ಮೆ ಸರಿಯಾಗಿ ಸುತ್ತಿಕೊಂಡರು.

ತೊರಗಲ್ಲಿಗೆ ಬರುವಾಗ ಹೊತ್ತು ಇಳಿಯುತ್ತಿತ್ತು. ಅಡಿಗೆ ಆರಿತ್ತು. ನಾನು ಸಾರು ಬಿಸಿ ಮಾಡಿದೆ. ಸೋದರತ್ತೆ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ, ತಮ್ಮ ಮದುವೆಗೆ ಗಂಡನ ಮನೆಯವರು ತಂದಿದ್ದ ತಂಬಿಗೆ ತೆಗೆಸಿದರು. ಅದಕ್ಕೆ ನೀರು ತುಂಬಿ, ಜೋಡಿ ಧೋತರದಲ್ಲಿ ಒಂದನ್ನು ಉಡಿಸಿ, ವಿಭೂತಿ ಹಚ್ಚಿ ಮಣೆಯ ಮೇಲೆ ಇಟ್ಟರು. ಅವರ ಗಂಡ ಈಗ ಅಲ್ಲಿದ್ದರು. ನಾನು ಖೋಕಾವನ್ನು ತೆಗೆದು ಮೂಲೆಗೆ ಇಡಲು ಹೋದೆ. ಯಜಮಾನರ ಕಣ್ಣು ಅದರ ಮೇಲಿತ್ತು, ನನಗೆ ಗೊತ್ತು.

“ಎಲ್ಲಿಗಿ ಒಯ್ಯತಿ?” ಎಂದರು ಸೋದರತ್ತೆ. “ಇನ್ನೊಂದ ಮಣಿ ಹಾಕು.”

“ಇದು ಮಾಮಾರದಲ್ಲಲ್ರೀ ಅತ್ಯಾರ.”

“ಅಲ್ಲ. ಖರೇ. ಆದ್ರ ಇಷ್ಟ ವರ್ಷ ನಾ ಕರದಾಗೆಲ್ಲ ಯಾರೋ ಬಂದು ಕುಂತಾರ ಯವ್ವಾ. ನನಗ ಗೊತ್ತಾಗತಿತ್ತು. ಖಾಲಿ ಕ್ವಾಣ್ಯಾಗ ನಾ ಎಡಿ ಇಡಲಿಲ್ಲ. ಯಾಂವೋ ಏನೋ, ಯಾವ ತಾಯಿ ಮಗಾನೋ. ಇವತ್ತ ನೀ ಅಂವ ಅಲ್ಲ, ಏಳ ಅಂದ್ರ ಎಲ್ಲಿಗಿ ಹೋಗಬೇಕಂವ?”

ನಾನು ಮಣೆ ಹಾಕಿದೆ. ಎರಡನೆಯ ಧೋತರವನ್ನು ಖೋಕಾಕ್ಕೆ ಉಡಿಸಿದೆ, ಯಜಮಾನರು ತಮ್ಮ ಹೆಗಲ ಟಾವೆಲನ್ನೇ ತೆಗೆದು ರುಮಾಲು ಸುತ್ತಿದರು. ಎರಡು ಎಡೆ ಬಡಿಸಿದೆ. ಸೋದರತ್ತೆ ಬೀಡಿಕಟ್ಟು ಬಿಚ್ಚಿ ಹಂಚಿಟ್ಟರು. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು, ಅದಕ್ಕೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದು ಪಡಸಾಲೆಯಲ್ಲಿ ಕುಳಿತೆವು.

ಒಳಗಿನಿಂದ ಎಲೆಯ ಸಪ್ಪಳವೋ ಗಾಳಿಯೋ, ಏನೋ ಒಂದು ಬಂದು ನಿಂತಿತು. ಬೆಳಗಿನಿಂದ ಉಪವಾಸವಿದ್ದ ಯಜಮಾನರು ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಲೆಂದು ಎದ್ದರು.

“ಕುಂದರೋ ತಮ್ಮಾ” ಎಂದರು ಸೋದರತ್ತೆ, ಬಾಗಿಲ ಕಡೆಗೇ ನೋಡುತ್ತ. “ಈ ಸಲ ಇಬ್ಬರದಾರ. ಹೊತ್ತ ಹಿಡೀತೈತಿ.”